ಬಣ್ಣ ಹಚ್ಚದ ಹಡಗು

ಗೋಕಾಕದ ಜೀನಗಾರ ಓಣಿಯಲ್ಲಿ ಗುಡ್ಡವ್ವನ ಬಗ್ಗೆ ಎರಡು ಮಾತು ಓಡಾಡುತ್ತಿದ್ದವು. ಆಕೆ ಎದುರಿಗಿದ್ದಾಗ ಆಡುವ ಮಾತು ಒಂದು, ಕೊಡ ಹೊತ್ತು ಹೊಳೆಯ ಕಡೆ ತಿರುಗಿದ ಮೇಲೆ ಆಡುವ ಮಾತು ಇನ್ನೊಂದು.

ಎದುರಿಗೆ: "ಗುಡ್ಡವ್ವ ಬಣ್ಣಾ ಹಚ್ಚಿದ ಕಟ್ಟಿಗಿ ಪ್ಯಾರಲಹಣ್ಣಿಗೆ ಗಿಳಿ ಬಂದು ಕುಕ್ಕತಾವ ನೋಡ್ರಿ!"

ಬೆನ್ನ ಹಿಂದೆ: "ಗಂಡನ್ನ ಕಟ್ಟಿ ಮ್ಯಾಲ ಕುಂದ್ರಿಸ್ಯಾಳ. ಒಳಗ ಬಾಗಲಾ ಹಾಕ್ಕೊಂಡು ತಾನ ಗಂಡಸಾಗ್ಯಾಳ."

ಬಾಜೂ ಮನೆಯ ಲಕ್ಕವ್ವ ಎರಡನ್ನೂ ಆಡುತ್ತಿದ್ದಳು, ಎರಡನ್ನೂ ಮನಸಾರೆ ಆಡುತ್ತಿದ್ದಳು. ಎರಡೂ ಖರೆಯೇ ಆಗಿದ್ದವು.

ಆ ಓಣಿಯ ಕಸುಬು ಕಟ್ಟಿಗೆಯ ಗೊಂಬೆಗಳದು. ಹಣ್ಣು, ಕಾಯಿಪಲ್ಲೆ, ಎತ್ತು, ಆನೆ, ಹಬ್ಬಕ್ಕೆ ಗೌರಿ. ಹಗುರ ಕಟ್ಟಿಗೆಯನ್ನು ಬಾಚಿಯಿಂದ ತಾಸಿ ಉಳಿಯಿಂದ ಕೆತ್ತುವುದು ಗಂಡಸರ ಕೆಲಸ. ಹುಣಸೆಬೀಜ ಅರೆದು ಅಂಟು ಕುದಿಸುವುದು, ಅದಕ್ಕೆ ಬಿಳಿಮಣ್ಣು ಕಲಸಿ ಕೆತ್ತಿದ ಗೊಂಬೆಗೆ ಮೆತ್ತುವುದು, ಒಣಗಿದ ಮೇಲೆ ತಿಕ್ಕಿ ನುಣುಪು ಮಾಡಿ ಬಣ್ಣ ಹಚ್ಚುವುದು ಹೆಂಗಸರದು. ಉಳಿ ಜಾರಿ ಎಲ್ಲಾದರೂ ಕುಳಿ ಬಿದ್ದಿದ್ದರೆ ಮೆತ್ತುವಾಗ ಮುಚ್ಚಿಹೋಗುತ್ತಿತ್ತು. ಗಂಡನ ತಪ್ಪು ಮುಚ್ಚಲೆಂದೇ ದೇವರು ತಮಗೆ ಹುಣಸೆಬೀಜ ಕೊಟ್ಟಿದ್ದಾನೆಂದು ಹೆಂಗಸರು ನಗುತ್ತಿದ್ದರು. ಆದರೆ ಉಳಿಯನ್ನು ಮಾತ್ರ ಹೆಣ್ಣು ಮುಟ್ಟುವಂತಿರಲಿಲ್ಲ. ಖಂಡೇನವಮಿಯ ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುವುದಿದ್ದರೂ ಗಂಡಸೇ ಹಚ್ಚಬೇಕು.

ಗುಡ್ಡವ್ವ ಮೂಡಲಗಿಯ ಹೆಣ್ಣು. ಅಲ್ಲಿ ಆಕೆಯ ಅಪ್ಪ ತೊಟ್ಟಿಲು ಕೆತ್ತುತ್ತಿದ್ದ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ತೊಟ್ಟಿಲಿನ ಕಾಲು ಅಲ್ಲಾಡದಂತೆ ಹಿಡಿಯಲು ಮಗಳನ್ನು ಕೂರಿಸಿಕೊಂಡ. ಹಿಡಿಯುತ್ತ ಹಿಡಿಯುತ್ತ ಆಕೆ ಉಳಿ ಬಡಿಯುವುದನ್ನೂ ಕಲಿತಳು. ರಾಚಪ್ಪನ ಹೆಂಡತಿಯಾಗಿ ಗೋಕಾಕಕ್ಕೆ ಹೊರಟಾಗ ಅಪ್ಪ ಮೆಲ್ಲಗೆ ಹೇಳಿದ: "ಅಲ್ಲಿ ಹೋಗಿ ಕೈ ತೋರಸಬ್ಯಾಡವಾ." ಇಪ್ಪತ್ತು ವರ್ಷ ಆಕೆ ತೋರಿಸಲಿಲ್ಲ. ಅಂಟು ಕುದಿಸಿದಳು, ಬಣ್ಣ ಹಚ್ಚಿದಳು.

ಆಮೇಲೆ ರಾಚಪ್ಪನ ಕೈ ನಡುಗತೊಡಗಿತು. ಮೊದಲು ಬಲಗೈಯ ಕಿರುಬೆರಳು, ಮರುವರ್ಷ ಎರಡೂ ಕೈ. ಔಷಧ ತಾಗಲಿಲ್ಲ. ಒಂದು ಮುಂಜಾನೆ ಗುಡ್ಡವ್ವ ನಡುಮನೆಯ ಬಾಗಿಲು ಹಾಕಿಕೊಂಡು ಉಳಿ ಎತ್ತಿದಳು. ರಾಚಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತು ಬರೀ ತುಂಡೊಂದನ್ನು ಬಡಿಯತೊಡಗಿದ, ಒಳಗಿನ ಸಪ್ಪಳ ಹೊರಗಿನ ಸಪ್ಪಳದಲ್ಲಿ ಅಡಗಲೆಂದು. ಓಣಿಗೆಲ್ಲ ಗೊತ್ತಿತ್ತು. ರಾಚಪ್ಪನ ಅಣ್ಣ ದುಂಡಪ್ಪನಿಗಂತೂ ಮೊದಲೇ ಗೊತ್ತಿತ್ತು. ಒಂದೇ ಮನೆ, ನಡುವೆ ಒಂದೇ ಗೋಡೆ. ಯಾರೂ ಬಾಯಿಬಿಟ್ಟು ಆಡಲಿಲ್ಲ, ಹಾಗಾಗಿ ನಡೆದುಕೊಂಡು ಹೋಯಿತು.

ಸಾವಿರದ ಒಂಬೈನೂರ ನಲವತ್ಮೂರರ ಬೇಸಿಗೆ, ಯುದ್ಧದ ಕಾಲ. ಹುಕ್ಕೇರಿಯ ತವನಪ್ಪ ಟಾಂಗಾ ಇಳಿದು ಓಣಿಯೊಳಗೆ ಬಂದ. ಜೈನರವನು, ಮಾತಿನಲ್ಲಿ ಅರ್ಧ ಮರಾಠಿ. ಮುಂಬಯಿಯ ಸಮುದ್ರದ ದಂಡೆಗೆ ನೌಕಾದಳದವರು ತೆರೆದಿದ್ದ ಒಂದು ಶಾಲೆಯಲ್ಲಿ ಗೋದಾಮಿನ ಕಾರಕೂನ. ಬಗಲಲ್ಲಿ ಸುರುಳಿ ಸುತ್ತಿದ ನಕ್ಷೆ ಇತ್ತು.

"ರಾಚಪ್ಪಾ, ಹಡಗ ಮಾಡತೀಯೇನೋ?"

"ನಾವು ಆನಿ ಮಾಡೂ ಮಂದಿ," ರಾಚಪ್ಪ ನಕ್ಕ. "ಗೋಕಾಕದಾಗ ಹಡಗ ಕಂಡವ್ರು ಯಾರ ಅದಾರ್ರೀ?"

"ಇದನ್ನ ಮುಂಬಯಿ ಮಂದೀನೂ ಕಂಡಿಲ್ಲೋ. ನೀರೊಳಗ ಮುಳುಗಿ ಹೋಗೂ ಹಡಗ. ಸಬ್‌ಮರೀನ್ ಅಂತಾರ. ನಮ್ಮ ಸಾಲ್ಯಾಗ ಅದನ್ನ ಹುಡಕೂದು ಕಲಸತಾರ."

ಹುಡುಕುವುದು ಕಣ್ಣಿನಿಂದಲ್ಲ, ಕಿವಿಯಿಂದ ಎಂದು ತವನಪ್ಪ ತಿಳಿಸಿ ಹೇಳಿದ. ಮೇಲಿನ ಹಡಗಿನವರು ನೀರಿಗೆ ಒಂದು ನಾದ ಬಿಡುತ್ತಾರೆ. ಅದು ಕೆಳಗೆ ಅಡಗಿದ ಹಡಗಿಗೆ ಬಡಿದು ತಿರುಗಿ ಬರುತ್ತದೆ. ಯಂತ್ರ ಕಿವಿಗೆ ಹಚ್ಚಿಕೊಂಡು ಕೇಳಬೇಕು. ಆದರೆ ತಾವು ಹುಡುಕುವ ವಸ್ತುವಿನ ಹೊಟ್ಟೆಯಲ್ಲಿ ಏನಿದೆ, ಅದು ಹೇಗೆ ಮುಳುಗುತ್ತದೆ ಎಂಬುದೇ ಕಲಿಯುವವರಿಗೆ ತಿಳಿಯುತ್ತಿರಲಿಲ್ಲ. ಪಂಜಾಬಿನವರು, ಕೊಂಕಣದವರು, ಮದ್ರಾಸಿನವರು ಕೂಡಿದ ತರಗತಿ. ಮಾಸ್ತರ ಗೋರಾ, ಬಿಳಿಯರವನು, ಮಾತು ಇಂಗ್ಲಿಷು. ಚಿತ್ರ ತೋರಿಸಿದರೆ ತೂಕಡಿಸುತ್ತಿದ್ದರು. ಎರಡು ಹೋಳಾಗಿ ತೆರೆಯುವ, ಒಳಗಿನ ಕೋಣೆಗಳನ್ನು ಕೈಯಿಂದ ಮುಟ್ಟಿ ನೋಡಬಹುದಾದ ಕಟ್ಟಿಗೆಯ ಹಡಗು ಬೇಕೆಂದು ಶಾಲೆಯವರು ಹುಡುಕುತ್ತಿದ್ದಾಗ ತವನಪ್ಪನಿಗೆ ಗೋಕಾಕದ ಗೊಂಬೆಗಳ ನೆನಪಾಗಿತ್ತು.

ಬಾಗಿಲ ಸಂದಿಯಿಂದ ಗುಡ್ಡವ್ವ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. "ಆಗತೈತಿ ಅನ್ರಿ," ಎಂದಳು, ಗಂಡನಿಗಷ್ಟೇ ಕೇಳುವಂತೆ.

"ಆಗತೈತಿ," ಎಂದ ರಾಚಪ್ಪ.

ಎರಡು ಮೊಳದ ಹಡಗು ಒಂದೂವರೆ ತಿಂಗಳಲ್ಲಿ ಮುಗಿಯಿತು. ಅವರೆಕಾಯಿ ಬಿಡಿಸಿದಂತೆ ಎರಡಾಗುತ್ತಿತ್ತು. ಒಳಗೆ ಯಂತ್ರದ ಕೋಣೆ, ನಾವಿಕರು ಮಲಗುವ ಬೆರಳಗಲದ ಮಂಚಗಳು, ಎರಡೂ ಮಗ್ಗುಲಿಗೆ ನೀರಿನ ತೊಟ್ಟಿಗಳು. ಓಣಿಯ ಪದ್ಧತಿಯಂತೆ ಅದಕ್ಕೆ ಹುಣಸೆಬೀಜದ ಅಂಟು, ಬಿಳಿಮಣ್ಣು ಮೆತ್ತಿ, ಕನ್ನಡಿಯ ಹಾಗೆ ತಿಕ್ಕಿ, ಬೂದಿಬಣ್ಣ ಹಚ್ಚಿದಳು. ಓಣಿಯ ಮಂದಿಯೆಲ್ಲ ಬಂದು ನೋಡಿದರು. ಮಳೆ ಹಿಡಿಯುವ ಮೊದಲೇ ಪೆಟ್ಟಿಗೆ ಮುಂಬಯಿಗೆ ಹೋಯಿತು.

ಶ್ರಾವಣದಲ್ಲಿ ಅದೇ ಪೆಟ್ಟಿಗೆ ಘಟಪ್ರಭಾ ಸ್ಟೇಶನ್ನಿಗೆ ತಿರುಗಿ ಬಂತು.

ಕಟ್ಟೆಯ ಮೇಲೆ ಬಿಚ್ಚಿದರು. ಸಮುದ್ರದ ಹವೆಗೆ ಅಂಟು ಮೆತ್ತಗಾಗಿ ಬಣ್ಣವು ಹಾವಿನ ಪೊರೆಯಂತೆ ಸುಲಿದಿತ್ತು. ಉಳಿದ ಅಂಟನ್ನು ಜಿರಲೆ ತಿಂದಿದ್ದವು. ಕಟ್ಟಿಗೆ ಉಬ್ಬಿ ಎರಡು ಹೋಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಹೊಸ ತರಗತಿಯ ನಾವಿಕರು ಅದನ್ನು ನೋಡಿ ನಕ್ಕರಂತೆ. ಬೇಕಾದರೆ ಇನ್ನೊಂದು ಸಲ ನೋಡೋಣ, ಅದೇ ಕಡೆಯದು ಎಂದು ತವನಪ್ಪ ಚೀಟಿ ಬರೆದಿದ್ದ.

ದುಂಡಪ್ಪ ಏಳೆಂಟು ಮಂದಿಯ ಎದುರು ಮೊದಲ ಸಲ ಬಾಯಿ ತೆರೆದ. "ತಮ್ಮನ ಹೊಟ್ಟಿ ನೋಡಿ ಇಷ್ಟ ದಿನಾ ಸುಮ್ಮನಿದ್ದೆ. ಹೆಣ್ಣಿನ ಕೈಯಾಗ ಉಳಿ ಹೋದ್ರ ಹಿಂಗ ಆಗೂದು. ನಾಳೆ ಗೌರಿ ಮಾಡಸಾಕ ಬರಾವ್ರಿಗೆ ಈ ಸುದ್ದಿ ಮುಟ್ಟಿದ್ರ? ಓಣ್ಯಾಗ ಒಬ್ಬರ ಒಲೀನೂ ಹತ್ತೂದಿಲ್ಲ."

ಅವನ ಅಂಜಿಕೆ ನೆಪದ್ದಲ್ಲ. ದೇವರ ಮೂರ್ತಿ ಒಯ್ಯುವವರು ಯಾರ ಕೈ ಕೆತ್ತಿತೆಂದು ಕೇಳಿಯೇ ಒಯ್ಯುತ್ತಿದ್ದರು.

ಗುಡ್ಡವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದಳು. ಸುಲಿದ ಹೋಳನ್ನು ಎತ್ತಿ ಹಿಡಿದಳು. "ಭಾವಾರ, ಉಳಿ ಕೆಲಸ ಎಲ್ಲಿ ಕೆಟ್ಟೈತಿ ತೋರಸ್ರಿ. ಕೆಟ್ಟದ್ದು ಅಂಟು. ಅಂಟು ನಮ್ಮ ಓಣಿ ಪದ್ಧತಿ."

"ನಾ ನಿನ್ನ ಕೂಡ ಮಾತಾಡಾಕತ್ತಿಲ್ಲ."

"ನಾ ನಿಮ್ಮ ಕೂಡ ಮಾತಾಡಾಕತ್ತೇನಿ."

"ಅಯ್ಯ ನಮ್ಮವ್ವಾ!" ಲಕ್ಕವ್ವ ಬಾಯಿಗೆ ಸೆರಗು ಹಿಡಿದಳು.

"ಇನ್ನೊಂದ ಮಾಡತೇನಿ," ಎಂದಳು ಗುಡ್ಡವ್ವ. "ಅದೂ ತಿರುಗಿ ಬಂದ್ರ ಬಾಚಿ, ಉಳಿ ಎಲ್ಲಾ ಗಂಟ ಕಟ್ಟಿ ನಿಮ್ಮ ಮುಂದ ಇಡತೇನಿ. ಸಾಯೂ ಮಟ ಅಂಟು ಕುದಸತೇನಿ. ಒಂದ ಮಾತು ಆಡೂದಿಲ್ಲ."

"ಬರಲಿಲ್ಲಂದ್ರ?" ಕೇಳಿದ್ದು ದುಂಡಪ್ಪನಲ್ಲ. ಅವನ ಹೆಂಡತಿ ಕಾಶೆವ್ವ, ಒಳಗಿನಿಂದ.

"ಬರಲಿಲ್ಲಂದ್ರ ಬಾಗಲಾ ಹಾಕೂದಿಲ್ಲಕ್ಕಾ. ಇಲ್ಲೇ ಕಟ್ಟಿ ಮ್ಯಾಲ ಕುಂತು ಕೆತ್ತತೇನಿ, ಎಲ್ಲಾರ ಕಣ್ಣ ಮುಂದ."

ದುಂಡಪ್ಪ ಹೆಂಡತಿಯ ದನಿ ಬಂದ ಕಡೆಗೊಮ್ಮೆ ನೋಡಿದ. "ಆತು," ಎಂದ. "ಇಷ್ಟ ಮಂದಿ ಕೇಳ್ಯಾರ."

ಎಂಟು ದಿನಕ್ಕೆ ಗುಡ್ಡವ್ವ ಮುಂಬಯಿಗೆ ಹೊರಟು ನಿಂತಳು. ರಾಚಪ್ಪನಿಗೆ ಇದು ವಿಚಿತ್ರವೆನಿಸಿತು. "ನಕ್ಷೆ ಇಲ್ಲೇ ಐತಿ. ಅಲ್ಲಿ ಹೋಗಿ ಏನ ನೋಡತಿ?"

"ಹವಾ ನೋಡತೇನಿ."

ಇಬ್ಬರೂ ಘಟಪ್ರಭಾದಲ್ಲಿ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ ಹೋದರು. ಶಾಲೆಯ ಬಾಗಿಲಲ್ಲಿ ಎರಡು ದಿನ ಕುಳಿತರು. ಮೂರನೆಯ ದಿನ ತವನಪ್ಪ ಹೇಗೋ ಒಪ್ಪಿಗೆ ತಂದ: ಕೆತ್ತುವ ಕಾರಾಗೀರ ರಾಚಪ್ಪ ಮತ್ತು ಅವನ ಚೀಲ ಹಿಡಿಯಲು ಹೆಂಡತಿ, ಒಂದು ತಾಸು, ಗೋದಾಮಿನಲ್ಲಿ ಮಾತ್ರ. ಗುಡ್ಡವ್ವ ಒಳಗೆ ಹೋದವಳೇ ತುಟಿ ಸವರಿಕೊಂಡಳು. ಉಪ್ಪು. ಗೋಡೆ ಮುಟ್ಟಿದಳು. ತೇವ. ಮೂಲೆಯಲ್ಲಿ ಒಂದು ಹಳೆಯ ಮೇಜು ಇತ್ತು, ಬಣ್ಣವಿಲ್ಲದ್ದು, ಆದರೂ ಎಲ್ಲಿಯೂ ಸೀಳಿರಲಿಲ್ಲ, ಉಬ್ಬಿರಲಿಲ್ಲ.

"ಇದಕ್ಕ ಏನ ಹಚ್ಚತಾರ್ರೀ?"

"ಎಣ್ಣಿ, ವೈನೀ. ಬರೇ ಎಣ್ಣಿ," ಎಂದ ತವನಪ್ಪ. ಆಕೆಯನ್ನು ಮರಾಠಿಯವರಂತೆ ವೈನೀ, ಅತ್ತಿಗೆ, ಎಂದೇ ಕರೆಯುತ್ತಿದ್ದ.

ಗೋದಾಮಿಗೆ ಹತ್ತಿದ ಕೋಣೆಯಲ್ಲಿ ಪಾಠ ನಡೆದಿತ್ತು. ಗೋರಾ ಮಾಸ್ತರ ಕೋಲು ಹಿಡಿದು ಚಿತ್ರವನ್ನು ತೋರಿಸುತ್ತಿದ್ದ. ಒಬ್ಬ ನಾವಿಕ ಎದ್ದು ಹಿಂದುಸ್ತಾನಿಯಲ್ಲಿ ಏನೋ ಕೇಳಿದ. ಮಾಸ್ತರನಿಗೆ ತಿಳಿಯಲಿಲ್ಲ, ಉಳಿದವರು ನಕ್ಕರು.

"ಅಂವ ಏನ ಕೇಳಿದ್ರೀ?"

"ಕಬ್ಬಿಣದ ಹಡಗ ಮುಳಗೂದು ತಿಳೀತು, ತಿರುಗಿ ಮ್ಯಾಲ ಹೆಂಗ ಬರತೈತಿ ಅಂತ." ತವನಪ್ಪ ದನಿ ಇಳಿಸಿದ. "ಬಾಜೂಕ ತೊಟ್ಟಿ ಅದಾವಲ್ಲ ವೈನೀ, ನೀರ ಬಿಟ್ರ ಮುಳಗತೈತಿ. ಹವಾ ಊದಿ ನೀರ ಹೊರಗ ಹಾಕಿದ್ರ ಏಳತೈತಿ."

"ಹೊಳ್ಯಾಗ ಕೊಡಾ ಬೋರಲ ಒತ್ತಿದ್ರ ಮುಳಗೂದಿಲ್ಲ. ಒಂದ ಮಗ್ಗಲಿಗೆ ಓರಿ ಮಾಡಿದ್ರ ಬುಳುಬುಳು ಅಂದು ಮುಳಗತೈತಿ. ಹಂಗ?"

"ಹಂಗ ನೋಡ್ರಿ!"

"ಇಷ್ಟ ಹೇಳಾಕ ಅಂವಗ ಒಂದ ತಾಸು ಬೇಕಾತೇನು?"

ತಿರುಗಿ ಬಂದ ದಿನವೇ ಕಟ್ಟಿಗೆ ಆರಿಸಿದಳು. ಈ ಸಲ ಅಂಟಿಲ್ಲ, ಮಣ್ಣಿಲ್ಲ, ಬಣ್ಣವಿಲ್ಲ. ಹಾಗೆಂದರೆ ಮುಚ್ಚಿಕೊಳ್ಳಲು ಏನೂ ಇಲ್ಲ. ಉಳಿ ಕೂದಲೆಳೆ ಜಾರಿದರೂ ಜಗತ್ತಿಗೆ ಕಾಣುತ್ತದೆ. ಮೂರು ಸಲ ಅರ್ಧ ಕೆತ್ತಿದ್ದನ್ನು ಒಲೆಗೆ ಹಾಕಿದಳು. ರಾಚಪ್ಪನ ಕೈ ಕೆತ್ತಲಾರದು, ಆದರೆ ಅವನ ಹೆಬ್ಬೆರಳಿಗೆ ಇನ್ನೂ ಕಣ್ಣಿತ್ತು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದು ಕಟ್ಟಿಗೆಯ ಮೇಲೆ ಎಳೆಯುತ್ತಿದ್ದ. "ಇಲ್ಲಿ ಎದ್ದೈತಿ ನೋಡ. ಇಲ್ಲಿ ಬರೋಬ್ಬರಿ." ಮುಗಿದ ಮೇಲೆ ಅಗಸೆ ಎಣ್ಣೆ ಹಚ್ಚಿ ಬಿಸಿಲಿಗಿಟ್ಟು, ಮತ್ತೆ ಹಚ್ಚಿ, ಹೀಗೆ ಹನ್ನೊಂದು ಸಲ.

"ಬೆತ್ತಲ ಕಟ್ಟಿಗಿ ಕಳಸಾಕತ್ತಾಳ," ಎಂದಿತು ಓಣಿ. "ಗೋಕಾಕದ ಮರ್ಯಾದಿ ಮುಂಬಯಾಗ ಹೋತು."

ಗುಡ್ಡವ್ವನಿಗೆ ಚಿಂತೆ ಇದ್ದದ್ದು ಆ ತೇವದ ಗೋಡೆಯದು. ಒಂದು ದಿನ ಹಡಗನ್ನು ಬಂಡಿಯಲ್ಲಿ ಹೇರಿಕೊಂಡು ಗೋಕಾಕ ಫಾಲ್ಸಿಗೆ ಹೋದಳು. ಮಳೆಗಾಲದ ನೀರು ಧುಮುಕಿ, ದಂಡೆಯ ಬಂಡೆಗಳ ಮೇಲೆ ಹಗಲೆಲ್ಲ ಹನಿ ಹೊಗೆಯಾಡುತ್ತಿತ್ತು. ಆ ತುಂತುರಿನಲ್ಲಿ ಹಡಗನ್ನಿಟ್ಟು, ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ಕುಳಿತಳು. ಅಲ್ಲಿಯ ತೂಗುಸೇತುವೆಯ ಮೇಲೆ ನೂಲಿನ ಗಿರಣಿಗೆ ಹೋಗುವವರು ನಿಂತು ನೋಡಿದರು.

"ಏನಬೇ, ಕಟ್ಟಿಗಿಗೆ ಜಳಕಾ ಮಾಡಸಾಕತ್ತಿ?"

"ಹೂನಪಾ. ಮುಂಬಯಿಗೆ ಕೊಟ್ಟೇನಿ. ಕಳಸೂ ಮುಂದ ಒಂದ ಜಳಕಾ ಮಾಡಸೂದು ಬ್ಯಾಡಾ?"

ಮೂರನೆಯ ದಿನ ಹೋಳುಗಳು ಕಚ್ಚಿಕೊಂಡವು. ಮನೆಗೆ ತಂದು ಅಂಚಿನಿಂದ ಉಗುರಿನ ದಪ್ಪ ತೆಗೆದಳು, ಎಣ್ಣೆ ಕುಡಿಸಿದಳು, ಮತ್ತೆ ಒಯ್ದಳು. ಈ ಸಲ ಎಂಟು ದಿನ ನೆನೆದರೂ ಹಡಗು ಡಬ್ಬಿಯ ಮುಚ್ಚಳದಂತೆ ತೆರೆಯಿತು, ಮುಚ್ಚಿತು.

ಹೇಳದೇ ಕೇಳದೇ ಇನ್ನೊಂದನ್ನೂ ಮಾಡಿದಳು. ಗೇಣುದ್ದದ ಸಣ್ಣ ಹಡಗು, ಹೊಟ್ಟೆಯಲ್ಲಿ ಒಂದು ತೊಟ್ಟಿ, ಅಡಿಯಲ್ಲಿ ತೂತು, ಭಾರಕ್ಕೆ ಸವೆದ ಎತ್ತಿನ ಲಾಳಗಳು, ಬೆನ್ನಿನಿಂದ ಸೈಕಲ್ಲಿನ ಸಣ್ಣ ರಬ್ಬರ್ ನಳಿಗೆ. ನೀರಿಗೆ ಬಿಟ್ಟು ನೋಡಲು ಅಗಲ ಬಾಯಿಯ ಪಾತ್ರೆ ಬೇಕಿತ್ತು. ಕಾಶೆವ್ವ ಗಂಡನನ್ನು ಕೇಳದೆ ತನ್ನ ತಾಮ್ರದ ಕೊಪ್ಪರಿಗೆ ತಂದಿಟ್ಟಳು. ಹಡಗು ಬುಳುಬುಳು ಎಂದು ಮುಳುಗಿತು. ರಾಚಪ್ಪ ನಳಿಗೆ ಊದಿದ. ಏಳಲಿಲ್ಲ.

"ಮುಳಗೂದು ನನ್ನ ಗಂಡಗೂ ಬರತೈತಿ," ಎಂದಳು ಲಕ್ಕವ್ವ.

ಗುಡ್ಡವ್ವ ನಗಲಿಲ್ಲ. ಹಡಗನ್ನು ಎತ್ತಿ ಒಂದು ಲಾಳ ಕಿತ್ತಳು, ಮತ್ತೆ ಬಿಟ್ಟಳು. ರಾಚಪ್ಪನ ಕೈ ನಡುಗುತ್ತಿತ್ತು, ಉಸಿರು ನಡುಗುತ್ತಿರಲಿಲ್ಲ. ಊದಿದ. ನೀರಿನಡಿಯಿಂದ ಗುಳ್ಳೆಗಳೆದ್ದವು, ಅವುಗಳ ಹಿಂದೆ ಕಟ್ಟಿಗೆಯ ಬೆನ್ನು ಮೆಲ್ಲಗೆ ಮೇಲೆ ಬಂತು. ಕಿಟಕಿಯಲ್ಲಿ ನಿಂತಿದ್ದ ದುಂಡಪ್ಪ ಒಳಗೆ ಸರಿದ.

ಎರಡೂ ಹಡಗು ದಸರೆ ಮುಗಿದ ಮೇಲೆ ಹೋದವು. ದೀಪಾವಳಿ ಬಂತು, ಹೋಯಿತು. ಘಟಪ್ರಭಾದಿಂದ ಬಂಡಿ ಬಂತೆಂದರೆ ಓಣಿಯೆಲ್ಲ ಕತ್ತು ಹೊರಗೆ ಹಾಕುತ್ತಿತ್ತು. ಗುಡ್ಡವ್ವ ಮಾತ್ರ ಹೊರಗೆ ಬರುತ್ತಿರಲಿಲ್ಲ. ಉಳಿಗಳನ್ನು ಒಂದೊಂದಾಗಿ ಮಸೆದು ಸಾಲಾಗಿ ಇಡುತ್ತಿದ್ದಳು, ಮರುದಿನ ಮತ್ತೆ ಮಸೆಯುತ್ತಿದ್ದಳು.

ಕಾರ್ತಿಕದ ಕಡೆಗೆ ತವನಪ್ಪ ತಾನೇ ಬಂದ. ಬರಿಗೈಯಲ್ಲಿ ಇಳಿದ.

"ಪೆಟಗಿ ಎಲ್ಲಿ?" ಮೊದಲು ಕೇಳಿದವನು ದುಂಡಪ್ಪ.

"ಯಾವ ಪೆಟಗಿ? ಅದು ಸಾಲ್ಯಾಗ ಮೇಜಿನ ಮ್ಯಾಲ ಕುಂತೈತಿ. ಕಲಿಯಾವ್ರು ಕಣ್ಣ ಮುಚ್ಚಿಕೊಂಡು ಮುಟ್ಟಿ ಇದು ಯಂತ್ರದ ಕೋಣಿ, ಇದು ತೊಟ್ಟಿ ಅಂತಾರ. ಸಣ್ಣದನ್ನಂತೂ ಗೋರಾ ಮಾಸ್ತರ ತಾನ ಊದತಾನ, ಯಾರ ಕೈಯಾಗೂ ಕೊಡವಲ್ಲ." ತವನಪ್ಪ ಕಾಗದ ಬಿಡಿಸಿದ. "ಇನ್ನ ಆರು ಬೇಕಂತ. ಮಾಡಿದವರ ಹೆಸರ ಬರದು ಸಹಿ ಬೇಕಂತ. ಬಾ ರಾಚಪ್ಪಾ."

ರಾಚಪ್ಪ ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದ. ಗಾಳಿಗೆ ಎಲೆ ಅಲ್ಲಾಡುವಂತೆ ಅಲ್ಲಾಡುತ್ತಿದ್ದವು. "ಈ ಕೈಲೆ ಚಾದ ಕಪ್ಪ-ಬಶಿ ಹಿಡ್ಯಾಕ ಬರೂದಿಲ್ಲರೀ. ಮಾಡಿದಾಕಿ ಅಕಿ. ಅಕಿ ಹೆಸರ ಬರೀರಿ."

ತವನಪ್ಪ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬರೆದ: ಗುಡ್ಡವ್ವ ಕೋಂ ರಾಚಪ್ಪ ಜೀನಗಾರ. ಆಕೆ ಬಂದು ಹೆಬ್ಬೆಟ್ಟು ಒತ್ತಿದಳು.

ಮರುದಿನ ಮುಂಜಾನೆ ಕಟ್ಟೆಯ ಮೇಲೆ ಕುಳಿತು ಕೆತ್ತತೊಡಗಿದಳು. ದುಂಡಪ್ಪ ಮಾತಿಗೆ ತಪ್ಪಲಿಲ್ಲ. ಹೋಗುತ್ತ ಬರುತ್ತ ಒಂದು ಸೊಲ್ಲೂ ಎತ್ತಲಿಲ್ಲ. ಆದರೆ ಗುಡ್ಡದಿಂದ ಬರುವ ಕಟ್ಟಿಗೆಯನ್ನು ಮನೆಯ ಹಿರಿಯನೇ ಇಳಿಸಿಕೊಂಡು ಪಾಲು ಹಂಚುವುದು ಓಣಿಯ ಪದ್ಧತಿ. ಆ ಸಲದ ಬಂಡಿ ಬಂದಾಗ ತಮ್ಮನ ಪಾಲು ಇಳಿಯಲಿಲ್ಲ.

"ಅಣ್ಣಾ, ನಮ್ಮದು?"

"ಕುಂದ್ರಾಕ ಮಾತ ಕೊಟ್ಟಿದ್ದೆ. ಮಾಲ ಕೊಡತೇನಿ ಅಂದಿದ್ದೆನೇನು?"

ಹದಿನೈದು ದಿನ ಗುಡ್ಡವ್ವ ಉಳಿದ ಚೂರುಗಳಲ್ಲಿ ಗುಬ್ಬಿ ಕೆತ್ತಿದಳು. ಚೂರೂ ತೀರಿದ ದಿನ ಹುಕ್ಕೇರಿಗೆ ಹೋಗುವವರ ಕೈಯಲ್ಲಿ ತವನಪ್ಪನ ಮನೆಗೆ ಹೇಳಿಕಳಿಸಿದಳು: ಕಟ್ಟಿಗೆ ಶಾಲೆಯವರೇ ಕೊಡುವುದಾದರೆ ತಾನು ಮುಂಬಯಿಗೇ ಬರುತ್ತೇನೆ. ಸಂಕ್ರಾಂತಿಯ ಹೊತ್ತಿಗೆ ಉತ್ತರ ಬಂತು. ಶಾಲೆಯ ಬೇಲಿಯ ಹೊರಗೆ ಒಂದು ತಗಡಿನ ಶೆಡ್ಡು, ಪಕ್ಕಕ್ಕೆ ಒಂದು ಕೋಣೆ.

"ಒಮ್ಮೆ ಹೋದ್ರ ಈ ಮನ್ಯಾಗ ಮತ್ತ ನಮಗ ಜಾಗಾ ಇರೂದಿಲ್ಲ," ಎಂದ ರಾಚಪ್ಪ.

"ಜಾಗಾ ಇದ್ದಾಗ ಬಾಗಲಾ ಹಾಕ್ಕೊಂಡು ಕುಂತಿದ್ದೆ. ನಡೀರಿ."

ಹೊರಡುವ ದಿನ ಬಂಡಿ ಓಣಿಯ ಬಾಯಿಗೆ ಬಂದು ನಿಂತಿತು. ಕಾಶೆವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಗಂಟು ತಂದು ಕೊಟ್ಟಳು. ಗುಡ್ಡವ್ವ ಉಪಕರಣಗಳ ಗಂಟನ್ನು ಎತ್ತಿಕೊಳ್ಳುವಾಗ ಒಳಗಿನಿಂದ ದುಂಡಪ್ಪನ ದನಿ ಬಂತು. "ಅವು ನಮ್ಮಪ್ಪನ ಉಳಿ. ಮನಿ ದಾಟೂದಿಲ್ಲ."

ಅದು ಖರೆಯಾಗಿತ್ತು. ಗುಡ್ಡವ್ವ ಗಂಟು ಬಿಚ್ಚಿದಳು. ಬಾಚಿ, ಅಗಲ ಉಳಿ, ಸಣ್ಣ ಉಳಿ, ಗುಂಡು ಬಾಯಿಯದು, ಎಲ್ಲವನ್ನೂ ಹೊಸ್ತಿಲ ಒಳಗಡೆ ಸಾಲಾಗಿ ಇಟ್ಟು ಎದ್ದಳು. "ಮುಂಬಯಿಯೊಳಗೂ ಕಮ್ಮಾರ ಇರತಾರ," ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ದುಂಡಪ್ಪ ಹೊಸ್ತಿಲಿಗೆ ಬಂದ. ಸಾಲಿನ ಮೇಲೆ ಕಣ್ಣು ಹಾಯಿಸಿದ. ಅಂಚುಗಳು ಹಿಂದೆಂದೂ ಇಲ್ಲದಷ್ಟು ಹರಿತವಾಗಿದ್ದವು. ಬಗ್ಗಿ ಬಾಚಿಯನ್ನೂ ಎರಡು ಉಳಿಗಳನ್ನೂ ಎತ್ತಿಕೊಂಡ, ಗುಡ್ಡವ್ವನ ಕಡೆ ತಿರುಗಲಿಲ್ಲ, ತಮ್ಮನ ಮುಂದೆ ಹಿಡಿದ.

"ಇವು ನಿನ್ನ ಪಾಲಿನವು. ಗಂಡಸಿನ ಕೈಯಾಗ ಕೊಡಾಕತ್ತೇನಿ ನಾ. ಮುಂದಿಂದು ನನಗ ಗೊತ್ತಿಲ್ಲ."

ರಾಚಪ್ಪ ಎರಡೂ ಕೈಯಿಂದ ತೆಗೆದುಕೊಂಡ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಸಪ್ಪಳವಾಗತೊಡಗಿತು. ಅಣ್ಣ ಇನ್ನೂ ಅಲ್ಲೇ ನಿಂತಿದ್ದಾಗಲೇ ರಾಚಪ್ಪ ಪಕ್ಕಕ್ಕೆ ತಿರುಗಿ ಅವನ್ನು ಹೆಂಡತಿಗೆ ಕೊಟ್ಟ. ಸಪ್ಪಳ ನಿಂತಿತು. ಗುಡ್ಡವ್ವ ಉಳಿಗಳನ್ನು ಸೊಂಟಕ್ಕೆ ಸಿಕ್ಕಿಸಿ, ಬಾಚಿಯನ್ನು ಹೆಗಲಿಗೇರಿಸಿ, ಹೊಸ್ತಿಲು ದಾಟಿ ಓಣಿಗೆ ಇಳಿದಳು.